ಮೇಣಕ್ಕೊಂದು ಮೂಗು

ಪದ್ಮಾ ಅವರೊಂದಿಗಿನ ಮೊದಲ ಭೇಟಿ ಎರಡು ಬಾರಿ ರದ್ದಾಯಿತು. ಎರಡು ಬಾರಿಯೂ ಕಾರಣ ನನ್ನ ಮೂಗು.

ದೆಹಲಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಗೃಹಜೀವನವನ್ನು ಅವರವರ ಮಾತಿನಲ್ಲೇ ಧ್ವನಿಮುದ್ರಿಸಿಡುವ ಕೆಲಸವನ್ನು ನಾನು 2008ರ ಕೊನೆಯಲ್ಲಿ ಆರಂಭಿಸಿದ್ದೆ. ಜನಕಪುರಿಯ ಭಜನಾ ಮಂಡಳಿಯ ಹಿರಿಯ ಸದಸ್ಯೆ ಇಂದಿರಾ ತಮ್ಮ ಸಂದರ್ಶನ ಮುಗಿದ ಮೇಲೆ ಗೆಳತಿ ಪದ್ಮಾ ಅವರ ದೂರವಾಣಿ ಸಂಖ್ಯೆಯನ್ನು ಕೊಟ್ಟರು. "ಮನೇಲೇ ಪರಿಮಳದ ಮೇಣದ ಬಿಲ್ಲೆ ಮಾಡ್ತಾಳೆ. ಮಾತಾಡುವಾಗ ಸ್ವಲ್ಪ ಹುಷಾರಾಗಿರಿ," ಎಂದರು. ಹುಷಾರು ಏಕೆ ಎಂಬುದನ್ನು ಹೇಳಲಿಲ್ಲ.

ಫೋನಿನಲ್ಲಿ ನನ್ನ ಪರಿಚಯವನ್ನು ಪೂರ್ತಿ ಕೇಳಿಸಿಕೊಂಡ ಪದ್ಮಾ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ನೆಗಡಿ ಇದೆಯಾ?"

ಜನವರಿಯ ದೆಹಲಿಯಲ್ಲಿ ಯಾರಿಗಿರುವುದಿಲ್ಲ? ಸ್ವಲ್ಪ ಇದೆ ಎಂದೆ.

"ವಾಸಿ ಆದ್ಮೇಲೆ ಫೋನ್ ಮಾಡಿ," ಎಂದು ಇಟ್ಟುಬಿಟ್ಟರು.

ಎರಡನೆಯ ಬಾರಿ ಮನೆಬಾಗಿಲವರೆಗೆ ಹೋದೆ. ಬಾಗಿಲ ಸರಪಳಿಯನ್ನು ತೆಗೆಯದೆಯೇ, "ಕಾಫಿ ಕುಡಿದು ಬಂದ್ರಾ?" ಎಂದು ಕೇಳಿದರು. ದಾರಿಯಲ್ಲಿ ಇಂದಿರಾ ಅವರ ಮನೆಯಲ್ಲಿ ಕುಡಿದೆ ಎಂದೆ. "ಇಂದಿರಾ ಮನೆ ಕಾಫಿ ಕುಡಿದ ಮೂಗಿಗೆ ಇವತ್ತೆಲ್ಲ ಇನ್ನೇನೂ ತಿಳಿಯಲ್ಲ. ಇನ್ನೊಂದಿನ ಬನ್ನಿ," ಎಂದು ಒಳಗೆ ಹೋದರು. ಮರಳಿ ಬಂದು, ಕಾಗದದಲ್ಲಿ ಸುತ್ತಿದ ನಾಲ್ಕು ಕೋಡುಬಳೆಗಳನ್ನು ಸರಪಳಿಯ ಸಂದಿನಿಂದ ನನ್ನ ಕೈಗಿತ್ತು ಬಾಗಿಲು ಹಾಕಿಕೊಂಡರು.

ಮೂರನೆಯ ಬಾರಿ, 2009ರ ಫೆಬ್ರವರಿ 15ರ ಭಾನುವಾರ, ಪೌಡರು ಹಚ್ಚದೆ, ಕಾಫಿ ಕುಡಿಯದೆ, ನೆಗಡಿಯೂ ಇಲ್ಲದೆ ಹೋದೆ. ಹಜಾರದ ಮೇಜಿನ ಮೇಲೆ ಪಿಂಗಾಣಿಯ ಒಂದು ಪುಟ್ಟ ಬರ್ನರ್ ಇತ್ತು. ಅದರ ಹೊಟ್ಟೆಯಲ್ಲಿ ಸಣ್ಣ ದೀಪ, ತಲೆಯ ಮೇಲಿನ ಬಟ್ಟಲಲ್ಲಿ ಕರಗಿದ ಮೇಣ. "ಮೊದಲು ನನ್ನ ಪ್ರಶ್ನೆ, ಆಮೇಲೆ ನಿಮ್ಮದು. ಇದು ಹೇಗಿದೆ?"

ನಾನು ಬಾಗಿ ಮೂಸಿದೆ. ಸಂಪಿಗೆ. ಆದರೆ ಸಂಪಿಗೆಯ ಹಿಂದೆ ಆಗತಾನೆ ಆರಿಸಿದ ದೀಪದ ಕಮಟು ಸಣ್ಣಗೆ ಇತ್ತು. ಹಾಗೆಯೇ ಹೇಳಿದೆ.

"ಕೂತ್ಕೊಳ್ಳಿ. ಇನ್ನು ನಿಮ್ಮ ಯಂತ್ರ ಹಾಕಿ," ಎಂದರು.

ಈ ಮನೆಯಲ್ಲಿ ಯಾವುದಾದರೂ ಮಾತು ನಡೆಯಬೇಕಾದರೆ ಮೊದಲು ಮೂಗಿನ ಪರೀಕ್ಷೆ ಏಕೆ ನಡೆಯಬೇಕು ಎಂಬುದು ಅಂದಿನ ಧ್ವನಿಮುದ್ರಣದ ಮೊದಲ ಅರ್ಧ ಗಂಟೆಯಲ್ಲೇ ತಿಳಿಯಿತು. ಪದ್ಮಾ ಅವರಿಗೆ ವಾಸನೆ ತಿಳಿಯುವುದಿಲ್ಲ. 2004ರ ಜನವರಿಯಲ್ಲಿ ಬಂದ ಫ್ಲೂ ಜ್ವರ ಹೋಗುವಾಗ ಅದನ್ನೂ ಕರೆದುಕೊಂಡು ಹೋಯಿತು. ಮರಳಿ ಬರಬಹುದು, ಬರದೆಯೂ ಇರಬಹುದು ಎಂದು ವೈದ್ಯರು ಹೇಳಿದ್ದರು. ಐದು ವರ್ಷ ಕಳೆದರೂ ಬಂದಿರಲಿಲ್ಲ.

ಬೇರೆ ಯಾರಿಗಾದರೂ ಇದು ಇಷ್ಟು ದೊಡ್ಡ ನಷ್ಟವಾಗುತ್ತಿತ್ತೋ ಇಲ್ಲವೋ ಹೇಳಲಾರೆ. ಪದ್ಮಾ ಹುಟ್ಟಿದ್ದು ಅರಸೀಕೆರೆಯಲ್ಲಿ, 1957ರಲ್ಲಿ. ತಂದೆ ಅಲ್ಲಿನ ರೈಲು ನಿಲ್ದಾಣದ ಪಾರ್ಸಲ್ ಗುಮಾಸ್ತರು. ಶಾಲೆ ಬಿಟ್ಟ ಮೇಲೆ ತಂದೆಯ ಕಚೇರಿಯಲ್ಲಿ ಕೂತಿರುತ್ತಿದ್ದ ಹುಡುಗಿ, ಕಟ್ಟು ಬಿಚ್ಚದ ಮೂಟೆಗಳನ್ನು ದೂರದಿಂದಲೇ ಗುರುತಿಸುತ್ತಿದ್ದಳು: ಇದು ಕೊಬ್ಬರಿ, ಇದು ಹೊಸ ಬೆಲ್ಲ, ಇದು ಹಳೆಯ ಬೆಲ್ಲ, ಇದು ನೀರು ಚಿಮುಕಿಸಿದ ಮಲ್ಲಿಗೆ. 1978ರಲ್ಲಿ ಕೇಂದ್ರ ಸರ್ಕಾರದ ಸಚಿವಾಲಯವೊಂದರ ಗುಮಾಸ್ತ ಚಂದ್ರಮೋಹನರನ್ನು ಮದುವೆಯಾಗಿ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿಗೆ ಬಂದರು. ಅಲ್ಲಿನ ಕನ್ನಡದ ಗೃಹಿಣಿಯರು ಬೆಣ್ಣೆ ಕಾಯಿಸುವ ಮೊದಲು, ಕಾಫಿಬೀಜ ಹುರಿದು ಇಳಿಸುವ ಮೊದಲು, "ಪದ್ಮಾನ ಕರೀರಿ" ಎನ್ನುತ್ತಿದ್ದರು. 1995ರಲ್ಲಿ ಜನಕಪುರಿಯ ಸ್ವಂತ ಫ್ಲಾಟಿಗೆ ಬಂದ ಮೇಲೂ ಆ ಪದವಿ ಉಳಿದಿತ್ತು.

ಜ್ವರದ ನಂತರದ ಮೊದಲ ತಿಂಗಳುಗಳಲ್ಲಿ ಮನೆಯವರು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡರು. ಏಪ್ರಿಲ್‌ನಲ್ಲಿ ತಮಾಷೆ ಮುಗಿಯಿತು. ಒಂದು ಬೆಳಗ್ಗೆ ಒಲೆಯ ತಿರುಗಣೆ ಸರಿಯಾಗಿ ಮುಚ್ಚಿರಲಿಲ್ಲ. ಗ್ಯಾಸು ಅಡುಗೆಮನೆ ತುಂಬಿ ಮೆಟ್ಟಿಲವರೆಗೆ ಹರಿದಿತ್ತು. ಪದ್ಮಾ ಬೆಂಕಿಪೊಟ್ಟಣವನ್ನು ಕೈಗೆತ್ತಿಕೊಂಡಾಗ ಯಾರೋ ಹೊರಬಾಗಿಲನ್ನು ಗುದ್ದಿದರು. ಮೇಲಿನ ಮನೆಯ ಅಶ್ವತ್ಥನಾರಾಯಣರು.

"ಏನಮ್ಮಾ, ಬಿಲ್ಡಿಂಗ್ ಹಾರಿಸ್ತೀಯೇನು? ಕಿಟಕಿ ತೆಗಿ!"

ಆ ಸಂಜೆ ಚಂದ್ರಮೋಹನರು ಒಂದು ಕ್ರಮ ಕೈಗೊಂಡರು. ಮರುದಿನದಿಂದ ಅವರು ಕಚೇರಿಗೆ ಹೊರಡುವ ಮೊದಲು ಸಿಲಿಂಡರಿನ ರೆಗ್ಯುಲೇಟರನ್ನು ಕಳಚಿ, ವೃತ್ತಪತ್ರಿಕೆಯಲ್ಲಿ ಸುತ್ತಿ, ತಮ್ಮ ಬ್ಯಾಗಿನಲ್ಲಿಟ್ಟುಕೊಂಡು ಹೋಗತೊಡಗಿದರು. ಬೆಳಗ್ಗೆ ಎಂಟೂಮುಕ್ಕಾಲಿಗೆ ಅದು ಊಟದ ಡಬ್ಬಿಯ ಪಕ್ಕದಲ್ಲಿ ಚಾರ್ಟರ್ಡ್ ಬಸ್ ಏರಿ ಸಚಿವಾಲಯಕ್ಕೆ ಹೋಗುತ್ತಿತ್ತು, ಸಂಜೆ ಅವರೊಂದಿಗೆ ಮರಳುತ್ತಿತ್ತು. ಹಗಲೆಲ್ಲ ಒಲೆ ತಣ್ಣಗೆ. ಪದ್ಮಾ ಅವರ ಹನ್ನೊಂದು ಗಂಟೆಯ ಕಾಫಿ ಥರ್ಮಾಸಿನಿಂದ.

"ನನ್ನ ಕೈ ಕಾಫಿಗೆ ಕಿದ್ವಾಯಿ ನಗರದಲ್ಲಿ ಕ್ಯೂ ನಿಲ್ತಿದ್ರು. ಈಗ ನಾನೇ ಕ್ಯಾಂಟೀನ್ ಕಾಫಿ ಥರ ಮೂರು ಗಂಟೆ ಹಿಂದಿನದನ್ನ ಕುಡೀಬೇಕು," ಎಂದು ಈ ಭಾಗವನ್ನು ಹೇಳುವಾಗ ಪದ್ಮಾ ಅವರ ಧ್ವನಿ ಏರಿತು. "ಜಗಳ ಆಡಿದೆ, ಉಪವಾಸ ಮಾಡಿದೆ. ಇವರದು ಒಂದೇ ಮಾತು: ಹಗಲು ಹೊತ್ತು ವಾಸನೆ ಗೊತ್ತಾಗೋ ಒಬ್ರು ಕಣ್ಣಿಡೋ ಹಾಗಾಗಲಿ, ಅವತ್ತೇ ಬಿಟ್ಟು ಹೋಗ್ತೀನಿ. ಅಲ್ಲಾ ರೀ, ಇವರಿಗೆ ವಾಸನೆ ಗೊತ್ತಾಗತ್ತಾ? ಇಪ್ಪತ್ತೈದು ವರ್ಷದಿಂದ ನಶ್ಯ ಏರಿಸ್ತಿದಾರೆ. ನಶ್ಯದ ಮೂಗು ನನ್ನ ಮೂಗಿಗೆ ಮೇಲಧಿಕಾರಿ!"

ಗ್ಯಾಸು ಸೋರಿದರೆ ಕೂಗುವ ಯಂತ್ರವನ್ನು ಏಕೆ ತರಲಿಲ್ಲ ಎಂದು ಚಂದ್ರಮೋಹನರನ್ನು ಪ್ರತ್ಯೇಕವಾಗಿ ಕೇಳಿದೆ. ಅವರು ಸೌಮ್ಯ ಸ್ವಭಾವದವರು, ಯೋಚಿಸಿ ಮಾತನಾಡುವವರು. "ತರಬೇಕು ಅಂತಲೇ ಇದ್ದೆ. ಮೂರು ಕೊಟೇಶನ್ ಇಲ್ಲದೆ ನಾನು ಯಾವ ಸಾಮಾನೂ ತರೋದಿಲ್ಲ. ಎರಡು ಬಂದವು. ಮೂರನೇ ಅಂಗಡಿಯವನು ಕೊಡಲೇ ಇಲ್ಲ," ಎಂದರು. ಅದು 2004ರ ಮಾತು. ನಾನು ಕೇಳಿದ 2009ರಲ್ಲಿಯೂ ಮೂರನೆಯ ಕೊಟೇಶನ್ ಬಂದಿರಲಿಲ್ಲ.

ಮೇಣದ ಬಿಲ್ಲೆ ಈ ಮನೆಗೆ ಬಂದದ್ದು 2005ರ ದೀಪಾವಳಿಗೆ. ಗುಡಗಾಂವಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತ ಅಲ್ಲೇ ಪೇಯಿಂಗ್ ಗೆಸ್ಟ್ ಆಗಿದ್ದ ಮಗಳು ಧನ್ಯಾ ಒಂದು ಡಬ್ಬಿ ತಂದಿದ್ದಳು. ಬತ್ತಿಯಿಲ್ಲದ, ಕರ್ಪೂರದ ಬಿಲ್ಲೆಗಿಂತ ದೊಡ್ಡದಾದ ಮೇಣದ ತುಂಡುಗಳು. ಬರ್ನರಿನ ಮೇಲೆ ಒಂದನ್ನು ಇಟ್ಟರೆ ಕರಗಿ ಮನೆಯೆಲ್ಲ ಪರಿಮಳ. ಪದ್ಮಾ ಅವರಿಗೆ ತಿಳಿದದ್ದು ಪರಿಮಳವಲ್ಲ. "ಬಾಗಿಲು ದಾಟಿ ಒಳಗೆ ಕಾಲಿಟ್ಟವರ ಮುಖ ಬದಲಾಗೋದು ಕಾಣಿಸ್ತು. ಹುಬ್ಬು ಸಡಿಲ ಆಗತ್ತೆ, ಉಸಿರು ಎಳ್ಕೋತಾರೆ. ಎರಡು ವರ್ಷ ಆದ್ಮೇಲೆ ಮೊದಲನೇ ಸಲ ನಾನು ಒಂದು ವಾಸನೇನ ಕಣ್ಣಲ್ಲಿ ನೋಡಿದೆ. ಇದನ್ನ ನಾನೇ ಮಾಡ್ಬೇಕು ಅನ್ನಿಸ್ತು."

ಪರಿಮಳದ ಎಣ್ಣೆಗಳನ್ನು ಆರಿಸುವುದು ಕಷ್ಟವಾಗಲಿಲ್ಲ. ಮಲ್ಲಿಗೆ, ಸಂಪಿಗೆ ಎಂದು ಸೀಸೆಯ ಮೇಲೆಯೇ ಬರೆದಿರುತ್ತದೆ. ತೊಡಕು ಇದ್ದದ್ದು ಮೇಣದಲ್ಲಿ. ಮೇಣ ಪರಿಮಳವನ್ನು ಹಿಡಿದಿಟ್ಟುಕೊಳ್ಳಬೇಕು, ಬಿಸಿಯಾದಾಗ ಬಿಟ್ಟುಕೊಡಬೇಕು, ತನ್ನ ಸ್ವಂತ ವಾಸನೆಯನ್ನು ನಡುವೆ ತರಬಾರದು. ಮೇ ತಿಂಗಳ ಜನಕಪುರಿಯಲ್ಲಿ ತಾನಾಗಿ ಕರಗಬಾರದು, ಜನವರಿಯಲ್ಲಿ ಬಿರುಕು ಬಿಡಬಾರದು.

ದಂಪತಿಗಳು ಒಂದು ಶನಿವಾರ ಹಳೆಯ ದೆಹಲಿಯ ತಿಲಕ್ ಬಜಾರಿಗೆ ಹೋದರು. ಅಂಗಡಿಯವನು ಪ್ಯಾರಾಫಿನ್ ಮೇಣದ ಹಲಗೆಗಳನ್ನು ಗಲ್ಲಾದ ಮೇಲೆ ಹರಡಿ, "ಸೂಂಘ್ ಕರ್ ದೇಖಿಯೇ, ಬೆಹೆನ್‌ಜೀ," ಎಂದ. ಮೂಸಿ ನೋಡಿ ಎಂದು ಅವನು ಹೇಳಿದಾಗಲೆಲ್ಲ ಪದ್ಮಾ ಮೂಸಿದಂತೆ ನಟಿಸಿ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಗಟ್ಟಿ ಮೇಣ ತಟ್ಟಿದರೆ ಟಣ್ ಎನ್ನುತ್ತದೆ, ಎಣ್ಣೆ ಉಳಿದ ಅಗ್ಗದ ಮೇಣ ದಪ್ ಎನ್ನುತ್ತದೆ. ಎಣ್ಣೆ ಉಳಿದದ್ದು ಕಾಗದದ ಮೇಲೆ ಕಲೆಯನ್ನೂ ಬಿಡುತ್ತದೆ. ಇತ್ತ ಚಂದ್ರಮೋಹನರು ಅಕ್ಕಪಕ್ಕದ ಅಂಗಡಿಗಳಲ್ಲಿ ಕೊಟೇಶನ್ ಕೇಳುತ್ತಿದ್ದರು. "ಭಯ್ಯಾ, ಬರೆದು ಕೊಡಿ" ಎಂದರೆ ಮೇಣದ ವ್ಯಾಪಾರಿಗಳು ನಕ್ಕು ಚಹಾ ತರಿಸುತ್ತಿದ್ದರಂತೆ.

ಗಟ್ಟಿ ಪ್ಯಾರಾಫಿನ್, ಎಣ್ಣೆಯ ಅಂಶವಿರುವ ಮೆತ್ತನೆಯ ಪ್ಯಾರಾಫಿನ್, ಜೇನುಮೇಣ, ಮತ್ತು ನೋಯಿಡಾದ ವ್ಯಾಪಾರಿಯೊಬ್ಬ ವಿದೇಶದಿಂದ ತರಿಸುತ್ತಿದ್ದ ಸೋಯಾ ಮೇಣ: ಈ ನಾಲ್ಕು ಮನೆಗೆ ಬಂದವು. ಸೋಯಾ ಮೇಣ ಗಟ್ಟಿ ಅವಲಕ್ಕಿಯಂತೆ ಚೂರುಚೂರಾಗಿತ್ತು. ನಾಲ್ಕನ್ನೂ ಕರಗಿಸಿ ಮಂಜುಗಡ್ಡೆಯ ಟ್ರೇಗೆ ಹೊಯ್ದು ಬಿಲ್ಲೆ ಮಾಡಬೇಕು. ಕರಗಿಸುವುದೆಲ್ಲಿ? ರೆಗ್ಯುಲೇಟರ್ ಸಚಿವಾಲಯದಲ್ಲಿದೆ. ಪದ್ಮಾ ವಿದ್ಯುತ್ ಅನ್ನದ ಕುಕ್ಕರಿಗೆ ನೀರು ಹಾಕಿ, ಅದರೊಳಗೆ ಪಾತ್ರೆಯಿಟ್ಟು ಮೇಣ ಕರಗಿಸಿದರು. ವಾರವಿಡೀ ಸುಗಮವಾಗಿ ನಡೆಯಿತು. ಅದೇ ಕುಕ್ಕರಿನಲ್ಲಿ ಬೆಳಗ್ಗೆ ಅನ್ನವೂ ಆಗುತ್ತಿತ್ತು. ಆ ಅನ್ನ ಹೇಗಿದೆ ಎಂಬುದು ವಾಸನೆ ತಿಳಿಯದ ಹೆಂಡತಿಗೂ ಗೊತ್ತಿಲ್ಲ, ನಶ್ಯದ ಗಂಡನಿಗೂ ಗೊತ್ತಿಲ್ಲ. ಕಡೆಗೆ ಕಚೇರಿಯಲ್ಲಿ ಡಬ್ಬಿ ತೆರೆದಾಗ ಸಹೋದ್ಯೋಗಿಯೊಬ್ಬರು ಇಣುಕಿ, "ಚಂದ್ರಮೋಹನ್‌ಜೀ, ಆಜ್ ಟಿಫಿನ್ ಮೇ ಗಜ್ರಾ ಲಾಯೇ ಹೈ ಕ್ಯಾ?" ಎಂದರು. ಡಬ್ಬಿಯಲ್ಲಿ ಮಲ್ಲಿಗೆ ದಂಡೆ ತಂದಿದ್ದೀರಾ ಎಂದು ಕೇಳಿದ್ದು ಇಡೀ ವಿಭಾಗಕ್ಕೆ ಹರಡಿತು. ಅಂದಿನ ಸಂಜೆ ಕುಕ್ಕರ್ ಬೀರುವಿನ ನೆತ್ತಿ ಏರಿತು.

"ಅಲ್ಲಿಗೆ ಹಗಲು ಹೊತ್ತಿನ ಬಿಸಿಯೆಲ್ಲ ಬಂದ್. ಇನ್ನು ಮೇಣ ಕರಗಿಸಬೇಕು ಅಂದ್ರೆ ಇವರು ಆಫೀಸಿಂದ ಬಂದು, ಕಾಲು ತೊಳೆದು, ನಶ್ಯ ಏರಿಸಿ, ಬ್ಯಾಗಿಂದ ರೆಗ್ಯುಲೇಟರ್ ತೆಗೆದು ಕೊಡಬೇಕು. ಖಜಾನೆ ಬೀಗದ ಕೈ ಕೊಟ್ಟ ಹಾಗೆ ಕೊಡ್ತಿದ್ರು, ನೋಡಿ."

2006ರ ಬೇಸಿಗೆಯಲ್ಲಿ ತಾರಸಿಯ ನೆರಳಿನಲ್ಲಿ ನಾಲ್ಕು ತಟ್ಟೆಗಳನ್ನಿಟ್ಟು ಪರೀಕ್ಷಿಸಿದರು. ಸೋಯಾ ಮಧ್ಯಾಹ್ನದ ಹೊತ್ತಿಗೆ ಬೆಣ್ಣೆಯಾಯಿತು. ಗಟ್ಟಿ ಪ್ಯಾರಾಫಿನ್ ಅಲುಗಲಿಲ್ಲ. ಆದರೆ ಹೊಯ್ದ ಪರಿಮಳದ ಎಣ್ಣೆಯನ್ನು ಒಳಗೆ ಇಟ್ಟುಕೊಳ್ಳದೆ ಬೆವರಿನಂತೆ ಮೈಮೇಲೆ ಹೊರಹಾಕಿತು. ಜೇನುಮೇಣ ಕರಗಲೂ ಇಲ್ಲ, ಬೆವರಲೂ ಇಲ್ಲ, ಆದರೆ ಬಿಲ್ಲೆ ಅಂಟಂಟಾಗಿತ್ತು. ಮೆತ್ತನೆಯ ಪ್ಯಾರಾಫಿನ್ ನುಣುಪಾಗಿ ನಿಂತಿತು, ಬೆವರಲಿಲ್ಲ. ಕಣ್ಣು ಮತ್ತು ಬೆರಳಿನ ತೀರ್ಪಿನಲ್ಲಿ ಗೆದ್ದದ್ದು ಅದೇ. ಉಳಿದದ್ದು ಮೂಗಿನ ತೀರ್ಪು.

ಅದಕ್ಕಾಗಿ ಪದ್ಮಾ ಶುಕ್ರವಾರದ ಭಜನಾ ಮಂಡಳಿಯನ್ನು ನೆಚ್ಚಿದರು. ಭಜನೆ ಮುಗಿದ ಮೇಲೆ ನಾಲ್ಕು ಬರ್ನರುಗಳನ್ನು ಹೊತ್ತಿಸಿ ಗೆಳತಿಯರನ್ನು ಕೇಳಿದರು. ಆ ಮಾತುಕತೆಯನ್ನು ಪದ್ಮಾ ನನಗೆ ಅಭಿನಯಿಸಿಯೇ ತೋರಿಸಿದರು.

"ಇದು ಹೇಗಿದೆ ರೀ?"

"ಚೆನ್ನಾಗಿದೆ ರೀ."

"ಇದು?"

"ಇದೂ ಚೆನ್ನಾಗಿದೆ."

"ಎರಡರಲ್ಲಿ ಯಾವುದು ವಾಸಿ?"

"ಎರಡೂ ಒಂದಕ್ಕಿಂತ ಒಂದು."

"ಅಯ್ಯೋ, ಒಂದನ್ನ ಹೇಳಿ ಅಂದ್ರೆ!"

"ಅಚ್ಛಾ, ಹಾಗಾದ್ರೆ... ನಿಮಗೆ ಯಾವುದು ಇಷ್ಟಾನೋ ಅದೇ."

ಭಾನುವಾರ ಬಂದ ಮಗಳ ತೀರ್ಪು ಇನ್ನೂ ಚುಟುಕು: "ಮಮ್ಮಾ, ಸಬ್ ಸೂಪರ್ ಹೈ. ಊಟ ಕೊಡು."

ಈ "ಚೆನ್ನಾಗಿದೆ" ಎಂಬ ಮಾತನ್ನು ಕುರಿತು ಒಂದು ಟಿಪ್ಪಣಿ ಅಗತ್ಯ. ನಾನು ಈ ಯೋಜನೆಯಲ್ಲಿ ಭೇಟಿಯಾದ ಬಹುತೇಕ ಮನೆಗಳಲ್ಲಿ ಅದು ಅಭಿಪ್ರಾಯವಲ್ಲ, ಉಪಚಾರ. ಕರೆದರೆ ಬರುವ ದೂರದಲ್ಲಿ ಕನ್ನಡದ ಮನೆಗಳು ಏಳೋ ಎಂಟೋ ಇರುವ ಕಡೆ, ಒಬ್ಬರ ಹುಳಿಗೆ ಉಪ್ಪು ಹೆಚ್ಚಾಯಿತು ಎಂದವರಿಗೆ ಮುಂದಿನ ಹಬ್ಬದ ಊಟ ತಪ್ಪಬಹುದು. ಹಾಗೆ ಊಟ ಕಳೆದುಕೊಂಡವರೊಬ್ಬರು ಅದೇ ಕಟ್ಟಡದ ಮೇಲಿನ ಮನೆಯಲ್ಲಿದ್ದರು. 1997ರಲ್ಲಿ ಪದ್ಮಾ ಅವರ ಮನೆಯ ಸತ್ಯನಾರಾಯಣ ಪೂಜೆಗೆ ಬಂದಿದ್ದ ಅಶ್ವತ್ಥನಾರಾಯಣರು ಪ್ರಸಾದದ ಸಜ್ಜಿಗೆಯನ್ನು ಬಾಯಿಗಿಟ್ಟು, ಐವತ್ತು ಜನರ ಎದುರು, "ತುಪ್ಪ ಕನರಿದೆ" ಎಂದಿದ್ದರು. ತುಪ್ಪದ ಡಬ್ಬಿಯನ್ನು ಮೂರು ಕೊಟೇಶನ್ ಪಡೆದು ತಂದಿದ್ದವರು ಚಂದ್ರಮೋಹನರು. ಅಂದಿನಿಂದ ಮೇಲಿನ ಮನೆಗೂ ಕೆಳಗಿನ ಮನೆಗೂ ಮಾತಿಲ್ಲ. ಬೇರೆಯವರೂ ಅವರನ್ನು ಊಟಕ್ಕೆ ಕರೆಯುವುದನ್ನು ಮೆಲ್ಲಗೆ ಬಿಟ್ಟರು. ಗ್ಯಾಸು ಸೋರಿದ ದಿನ ಬಾಗಿಲು ಗುದ್ದಿ ಕೂಗಿದ್ದೊಂದೇ ನಡುವೆ ಅವರು ಆಡಿದ ಮಾತು.

ಭಜನಾ ಮಂಡಳಿಯ ಸರ್ವಾನುಮತದ ಬಲದಿಂದ ಪದ್ಮಾ ಮೆತ್ತನೆಯ ಪ್ಯಾರಾಫಿನ್ ಆರಿಸಿ, ಮಲ್ಲಿಗೆಯ ಬಿಲ್ಲೆಗಳ ಡಬ್ಬಿಗಳನ್ನು ಡಿಸ್ಟ್ರಿಕ್ಟ್ ಸೆಂಟರಿನ ಉಡುಗೊರೆ ಅಂಗಡಿಗೆ ಕೊಟ್ಟರು. ಆಗಸ್ಟ್ ಕೊನೆಯಲ್ಲಿ ಅಷ್ಟೂ ಹಿಂದಿರುಗಿದವು. ಅಂಗಡಿಯ ಪಂಜಾಬಿ ಒಡತಿ ಕೈಮುಗಿದು, "ಆಂಟೀಜೀ, ಬುರಾ ಮತ್ ಮಾನ್‌ನಾ, ಇಸ್ ಮೇ ಮಿಟ್ಟೀ ಕೇ ತೇಲ್ ಕೀ ಬದಬೂ ಹೈ," ಎಂದಳು. ಬೇಸರ ಮಾಡಿಕೊಳ್ಳಬೇಡಿ, ಇದರಲ್ಲಿ ಸೀಮೆಎಣ್ಣೆ ನಾರುತ್ತಿದೆ. ದೀಪಾವಳಿಗೆ ಮೊದಲು ಸರಿಮಾಡಿ ತಂದರೆ ಇಟ್ಟುಕೊಳ್ಳುತ್ತೇನೆ ಎಂದೂ ಸೇರಿಸಿದಳು.

ಸೀಮೆಎಣ್ಣೆ! ಆರು ಜನ ಹೆಂಗಸರು ಅದರ ಮೇಲೆ ಬಾಗಿ ಚೆನ್ನಾಗಿದೆ ಎಂದಿದ್ದರು. ಪದ್ಮಾ ಯಾರನ್ನೂ ಕೇಳಲಿಲ್ಲ, ದೂರಲಿಲ್ಲ. ಸೆಪ್ಟೆಂಬರಿನ ಒಂದು ಶುಕ್ರವಾರ ಭಜನೆಯ ನಂತರ ಒಂದೇ ಬರ್ನರ್ ಹೊತ್ತಿಸಿದರು. ಮೇಲೆ ಶುದ್ಧ ಮಾಡಿದ ಬಿಳಿಯ ಗಟ್ಟಿ ಪ್ಯಾರಾಫಿನ್, ಅಷ್ಟೇ. ಅದಕ್ಕೆ ಒಂದು ತೊಟ್ಟು ಪರಿಮಳವನ್ನೂ ಹಾಕಿರಲಿಲ್ಲ.

"ಹೊಸ ಮಲ್ಲಿಗೆ. ಹೇಗಿದೆ ಹೇಳಿ."

"ಆಹಾ!" ಎಂದರು ಒಬ್ಬರು. "ಮೊದಲನೇದಕ್ಕಿಂತ ಇದು ವಾಸಿ," ಎಂದರು ಇನ್ನೊಬ್ಬರು. ಇಂದಿರಾ ಕಣ್ಣು ಮುಚ್ಚಿ, "ಊರಿನ ನೆನಪಾಯ್ತು ಕಣೇ ಪದ್ಮಾ," ಎಂದರು.

ಪದ್ಮಾ ಎಲ್ಲರಿಗೂ ಥರ್ಮಾಸಿನ ಕಾಫಿ ಕೊಟ್ಟು, ಕುಂಕುಮವಿಟ್ಟು ಕಳುಹಿಸಿದರು. ಆಮೇಲೆ ಪಾತ್ರೆ ತೊಳೆದ ಸದ್ದು ಮೇಲಿನ ಮನೆಗೂ ಕೇಳಿಸಿತಂತೆ.

ಇಂದಿರಾ ಅವರಿಗೂ ತಮ್ಮ ಪಕ್ಷವಿದೆ, ಅದನ್ನೂ ಇಲ್ಲಿ ದಾಖಲಿಸುತ್ತೇನೆ. "ನೀವೇ ಹೇಳಿ, ಮೂಗು ಹೋಗಿರೋಳು ಅಷ್ಟು ಆಸೆಯಿಂದ ಕೇಳ್ತಾಳೆ, ನಾರತ್ತೆ ಅಂತ ಹೇಗೆ ಹೇಳೋದು? ಮೊದಲಾಗಿದ್ರೆ ಅವಳೇ ನಮಗೆ ಹೇಳ್ತಿದ್ಲು. ಅವಳಿಗೆ ಗೊತ್ತಾಗಲ್ಲ ಅನ್ನೋದನ್ನ ನೆನಪಿಸೋದು ಬೇಡ ಅಂತ ಎಲ್ರಿಗೂ ಒಳಗೊಳಗೆ. ಪಾಪ ಅನ್ಸಿ ಹೇಳಿದ ಮಾತು ಅದು." ಈ ಹೇಳಿಕೆಯನ್ನು ಪದ್ಮಾ ಅವರಿಗೆ ತಿಳಿಸಿದಾಗ ಅವರ ಉತ್ತರ ಇಷ್ಟೇ: "ಪಾಪ ಅಂದ್ಕೊಂಡೇ ನನ್ನ ಬಿಲ್ಲೆನೆಲ್ಲ ವಾಪಸ್ ತರಿಸಿದ್ರು."

ಮರುದಿನ ಬೆಳಗ್ಗೆ ಪದ್ಮಾ ಎರಡು ಬರ್ನರುಗಳನ್ನೂ ಐದು ಬಟ್ಟಲುಗಳನ್ನೂ ಹಿತ್ತಾಳೆಯ ಹರಿವಾಣದಲ್ಲಿಟ್ಟುಕೊಂಡು ಮೇಲಿನ ಮನೆಯ ಮೆಟ್ಟಿಲು ಹತ್ತಿದರು. ನಾಲ್ಕು ಮೇಣಗಳಲ್ಲಿ ಮಲ್ಲಿಗೆ ಇದ್ದ ನಾಲ್ಕು ಬಟ್ಟಲು, ಏನೂ ಇಲ್ಲದ ಒಂದು ಬಟ್ಟಲು. ಗಂಡನಿಗೆ ಹೇಳಿರಲಿಲ್ಲ, ಅವರು ಹಾಲಿನ ಬೂತಿಗೆ ಹೋಗಿದ್ದರು. ಯಾಕೆ ಅಲ್ಲಿಗೇ ಹೋದಿರಿ ಎಂದು ಕೇಳಿದೆ. "ಸಜ್ಜಿಗೆ ತುಪ್ಪ ಕನರಿತ್ತು ರೀ. ಆಗ ನನ್ನ ಮೂಗು ಚೆನ್ನಾಗೇ ಇತ್ತಲ್ಲ, ನನಗೂ ಗೊತ್ತಿತ್ತು. ಇವರ ಮರ್ಯಾದೆ ಅಂತ ಸುಮ್ಮನಿದ್ದೆ. ಬಾಯಿ ಬಿಟ್ಟೋರು ಮೇಲಿನ ಮನೆ ರಾಯರೊಬ್ಬರೇ."

ಬಾಗಿಲು ತೆರೆದ ಅಶ್ವತ್ಥನಾರಾಯಣರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು, ಹರಿವಾಣ ನೋಡಿ, "ಏನಮ್ಮಾ, ಒಂಬತ್ತು ವರ್ಷದ ಮೇಲೆ ಆರತಿ ಎತ್ತೋಕೆ ಬಂದೆಯಾ?" ಎಂದರು.

"ರಾಯರೇ, ಇವುಗಳನ್ನ ಮೂಸಿ ಹೇಳಬೇಕು. ಚೆನ್ನಾಗಿದೆ ಅನ್ನೋ ಮಾತು ಬಿಟ್ಟು ಏನು ಬೇಕಾದ್ರೂ ಹೇಳಿ."

ಅವರು ಕನ್ನಡಕ ತೆಗೆದಿಟ್ಟು ಕುಳಿತರು. ಮೆತ್ತನೆಯ ಪ್ಯಾರಾಫಿನ್: "ಸೀಮೆಎಣ್ಣೆ. ರೇಷನ್ ಅಂಗಡಿ ಮುಂದೆ ಮಲ್ಲಿಗೆ ಮಾರೋರು ಕೂತ ಹಾಗಿದೆ." ಜೇನುಮೇಣ: "ಜೇನುಹುಟ್ಟು. ಮಲ್ಲಿಗೆ ಎಲ್ಲಿ? ಹುಳ ತಿಂದ್ಹಾಕಿದೆ." ಸೋಯಾ: "ಮಲ್ಲಿಗೆ ಇದೆ. ಮುಡಿದು ಮಾರನೇ ದಿನದ್ದು." ಗಟ್ಟಿ ಪ್ಯಾರಾಫಿನ್: "ಬಂತು, ಹೋಯ್ತು. ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗೋ ನೆಂಟರ ಹಾಗೆ." ಐದನೆಯ ಬಟ್ಟಲ ಮೇಲೆ ಬಹಳ ಹೊತ್ತು ಬಾಗಿದ್ದು ತಲೆಯೆತ್ತಿದರು. "ಇದರಲ್ಲಿ ಏನೂ ಇಲ್ಲ. ನನ್ನನ್ನೇ ಪರೀಕ್ಷೆ ಮಾಡ್ತೀಯೇನಮ್ಮಾ?"

ಪದ್ಮಾ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ನಕ್ಕರೋ ಅತ್ತರೋ ತಮಗೆ ನೆನಪಿಲ್ಲ ಎನ್ನುತ್ತಾರೆ. ನಕ್ಕಳು ಎನ್ನುತ್ತಾರೆ ಅಶ್ವತ್ಥನಾರಾಯಣರು.

ಇಲ್ಲಿಂದ ಮುಂದೆ ಎಲ್ಲ ಸರಾಗವಾಯಿತು ಎಂದು ಬರೆಯುವಂತಿಲ್ಲ. ಸೋಯಾ ಪರಿಮಳವನ್ನು ಹಿಡಿಯುತ್ತದೆ, ಗಟ್ಟಿ ಪ್ಯಾರಾಫಿನ್ ಬಿಸಿಲಿಗೆ ನಿಲ್ಲುತ್ತದೆ. ಎರಡನ್ನೂ ಬೆರೆಸಬೇಕು ಎಂಬುದು ಪದ್ಮಾ ಅವರಿಗೆ ಆ ದಿನವೇ ಹೊಳೆಯಿತು. ಎಷ್ಟೆಷ್ಟು ಎಂಬುದಕ್ಕೆ ಮೂರು ವಾರ ಹಿಡಿಯಿತು. ಚಂದ್ರಮೋಹನರು ಬಸ್ ಹತ್ತಿದ ಮೇಲೆ ಅಶ್ವತ್ಥನಾರಾಯಣರು ಪ್ರತಿದಿನ ಕೆಳಗಿಳಿದು ಬರುತ್ತಿದ್ದರು, ಹಿಂದಿನ ಸಂಜೆಯ ಬಿಲ್ಲೆಯನ್ನು ಮೂಸುತ್ತಿದ್ದರು, ಬೇಡ ಎನ್ನುತ್ತಿದ್ದರು. ಒಂದು ದಿನ ತಲೆನೋವು ಬರುತ್ತದೆ. ಇನ್ನೊಂದು ದಿನ ಮದುವೆಮನೆಯಂತಿದೆ. ಮತ್ತೊಂದು ದಿನ ಮದುವೆ ಮುಗಿದು ಚಪ್ಪರ ಬಿಚ್ಚಿದಂತಿದೆ.

"ಸುಳ್ಳು ಹೇಳೋರ ಕಾಟ ತಪ್ಪಿತು ಅಂದ್ರೆ ನಿಜ ಹೇಳೋರ ಕಾಟ ಶುರುವಾಯ್ತು," ಎಂದು ಪದ್ಮಾ ಹಣೆ ಚಚ್ಚಿಕೊಂಡರು. "ಒಂದಿನ ರೇಗಿ ಕೇಳಿದೆ, ರಾಯರೇ, ಸುಮ್ಮನೆ ಒಂದ್ಸಲ ಚೆನ್ನಾಗಿದೆ ಅನ್ನಬಾರದಾ ಅಂತ. ನೀನೇ ಬೇಡ ಅಂದಿದ್ಯಲ್ಲಮ್ಮಾ ಅಂದ್ರು. ನನ್ನ ಕರ್ಮ."

ಒಂದು ಸಂಜೆ ಬೂತಿನ ಬಳಿ ಯಾರೋ ಹೇಳಿ ಚಂದ್ರಮೋಹನರಿಗೆ ವಿಷಯ ತಿಳಿಯಿತು. ಮನೆಯಲ್ಲಿ ಮಾತು ಬೆಳೆಯಿತು.

"ಆ ಮನುಷ್ಯ ನನ್ನ ಮನೆ ಒಳಗೆ ಕಾಲಿಡಬಾರದು."

"ಹಗಲು ಹೊತ್ತು ವಾಸನೆ ಗೊತ್ತಾಗೋ ಒಬ್ರು ಕಣ್ಣಿಡಲಿ ಅಂತ ಹೇಳಿದ್ದು ಯಾರು? ಇದ್ದಾರಲ್ಲ, ಈಗ ಬಿಟ್ಟು ಹೋಗಿ!"

"ಬೇರೆ ಯಾರಾದ್ರೂ ಸಿಗಲಿ."

"ಯಾಕೆ, ಮೂರು ಮೂಗಿನ ಕೊಟೇಶನ್ ಬೇಕಾ?"

ಅಂದಿನಿಂದ ಇಬ್ಬರಲ್ಲೂ ಮಾತು ನಿಂತಿತು. ರ‍್ಯಾಕ್ ಮೇಲೆ ಬಿಲ್ಲೆಗಳು ಒಣಗುತ್ತಿದ್ದವು, ಬೆಳಗ್ಗೆ ಎಂಟೂಮುಕ್ಕಾಲಿಗೆ ರೆಗ್ಯುಲೇಟರ್ ಎಂದಿನಂತೆ ಬಸ್ ಏರುತ್ತಿತ್ತು. ದೀಪಾವಳಿ ಹತ್ತಿರವಾಗುತ್ತಿತ್ತು.

ಕೊನೆಯ ಬೆಳಗ್ಗೆಯ ವಿವರಗಳನ್ನು ಮೂವರೂ ಬೇರೆಬೇರೆಯಾಗಿ ಹೇಳಿದ್ದಾರೆ, ಮೂವರ ಮಾತೂ ಹೊಂದುತ್ತದೆ. ಹಿಂದಿನ ಸಂಜೆ ಹೊಯ್ದ ಬಿಲ್ಲೆಯಿಂದ ತಾರಸಿಯವರೆಗೂ ಪರಿಮಳ ಏರಿದ್ದರಿಂದ ಅಶ್ವತ್ಥನಾರಾಯಣರಿಗೆ ತಡೆಯಲಾಗಲಿಲ್ಲ, ಚಂದ್ರಮೋಹನರು ಹೊರಡುವ ಮೊದಲೇ ಇಳಿದು ಬಂದರು. ಪದ್ಮಾ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು. ಚಂದ್ರಮೋಹನರು ಹೊರಬಾಗಿಲ ಬಳಿ ನಶ್ಯದ ಡಬ್ಬಿ ಜೇಬಿಗಿಟ್ಟುಕೊಂಡು ಬೂಟು ಕಟ್ಟುತ್ತಿದ್ದರು. ಇಬ್ಬರೂ ಎದುರುಬದುರಾದರು. ಆಮೇಲೆ ಅಶ್ವತ್ಥನಾರಾಯಣರು ಗಾಳಿ ಎಳೆದುಕೊಂಡು, "ಮಲ್ಲಿಗೆ ಸರಿಯಾಗಿದೆ. ಹಾಲು ತಳ ಹಿಡೀತಿದೆ," ಎಂದರು.

ಚಂದ್ರಮೋಹನರು ಅಡುಗೆಮನೆಗೆ ಓಡಿದರು. ಹಾಲಿನ ಪಾತ್ರೆಯ ತಳ ಸೀದು ಕಪ್ಪಾಗಿತ್ತು. ಒಲೆ ಆರಿಸಿದರು. ಹೊಗೆ ಅವರ ಮೂಗಿನ ಮುಂದೆಯೇ ಏಳುತ್ತಿತ್ತು, ಆದರೂ ವಾಸನೆ ತಿಳಿಯಲಿಲ್ಲ. ಅಭ್ಯಾಸದಂತೆ ಕೈ ಸಿಲಿಂಡರಿನ ಕಡೆಗೆ ಹೋಯಿತು, ರೆಗ್ಯುಲೇಟರ್ ಕಳಚಿ ಹೊರಬಂತು.

"ಸ್ವಾಮಿ," ಎಂದರು ಬಾಗಿಲಲ್ಲಿ ನಿಂತಿದ್ದ ಅಶ್ವತ್ಥನಾರಾಯಣರು, "ಎರಡೂವರೆ ವರ್ಷದಿಂದ ಅದು ದಿನಾ ನಿಮ್ಮ ಜೊತೆ ಮಿನಿಸ್ಟ್ರಿಗೆ ಹೋಗಿ ಬರ್ತಿದೆ. ಅದಕ್ಕೇನಾದ್ರೂ ಟಿ.ಎ. ಬರತ್ತಾ?"

ಬಾಲ್ಕನಿಯಿಂದ ಪದ್ಮಾ ಗಟ್ಟಿಯಾಗಿ ನಕ್ಕರು. ಚಂದ್ರಮೋಹನರು ನಗಲಿಲ್ಲ. ಕೈಯಲ್ಲಿದ್ದುದನ್ನು ನೋಡಿದರು, ಸೀದ ಪಾತ್ರೆಯನ್ನು ನೋಡಿದರು. "ತುಪ್ಪ ನಿಜವಾಗ್ಲೂ ಕನರಿತ್ತಾ?" ಎಂದು ಕೇಳಿದರು.

"ಕನರಿತ್ತು," ಎಂದರು ಅಶ್ವತ್ಥನಾರಾಯಣರು.

"ಕನರಿತ್ತು ರೀ," ಎಂದರು ಪದ್ಮಾ, ಬಾಲ್ಕನಿಯಿಂದಲೇ.

ಆ ಬೆಳಗ್ಗೆ ಅವರಿಗೆ ಬಸ್ ತಪ್ಪಿತು. ಧ್ವನಿಮುದ್ರಿಕೆಯ ಕೊನೆಯಲ್ಲಿ, ಮೂವರ ಒಪ್ಪಿಗೆ ಪಡೆದು, ಕೆಳಗಿನ ಅಂಶವನ್ನು ದಾಖಲೆಗೆ ಸೇರಿಸಿದ್ದೇನೆ:

12 ಅಕ್ಟೋಬರ್ 2006, ಗುರುವಾರ. ಚಂದ್ರಮೋಹನರು ರೆಗ್ಯುಲೇಟರನ್ನು ಸಿಲಿಂಡರಿಗೆ ಮರಳಿ ಜೋಡಿಸಿ ಕಚೇರಿಗೆ ಹೋದರು. ಬೆಳಗ್ಗೆ ಹನ್ನೊಂದಕ್ಕೆ ಒಲೆಯ ಮೇಲೆ ಎರಡು ಲೋಟ ಕಾಫಿ ಆಯಿತು.